ಗಾಳಿ ಮಾತು: ಗುಡ್ಡ ಹೊತ್ತುವ ದಿನ ಯಾವುದು?

ಈ ತಿಂಗಳು ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಬೆಂಕಿಯದೇ ಮಾತು. ಶಿವರಾತ್ರಿ ಕಳೆದು ಚಳಿ ‘ಶಿವ ಶಿವಾ’ ಅಂತ ಓಡಿಹೋದ ಮೇಲೆ ನಮ್ಮ ಕಡೆ ಇದು ಇದ್ದದ್ದೇ. ಹಾಗಾಗಿ ಕೂದಲು ಉದುರುವ ಪ್ರಶ್ನೆ, ಗ್ರಹಣದ ಪ್ರಶ್ನೆ ಎಲ್ಲ ಮುಂದಿನ ಸಲಕ್ಕೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ದಾವಣಗೆರೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು, ಅರಣ್ಯ ಇಲಾಖೆಯವಳಲ್ಲ. ಬೆಂಕಿ ಆರಿಸುವ ಕೆಲಸ ಬಲ್ಲವರು ಬೇರೆ ಇದ್ದಾರೆ. ಆದರೆ ಅದು ಯಾವ ದಿನ ಓಡುತ್ತದೆ, ಯಾಕೆ ಓಡುತ್ತದೆ ಅನ್ನುವುದು ಗಾಳಿಯ ವಿಷಯ. ಅಷ್ಟರ ಮಟ್ಟಿಗೆ ಮಾತಾಡುತ್ತೇನೆ.

ಪ್ರ: ಜೋಗಿಮಟ್ಟಿ ಕಡೆ ದಿನಾ ವಾಕಿಂಗ್ ಹೋಗುವವನು ನಾನು. ಎಷ್ಟೋ ಸಲ ಫೆಬ್ರವರಿಯಲ್ಲೇ, ಬಿಸಿಲು ಇನ್ನೂ ಏರದೇ ಇದ್ದಾಗ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಏಪ್ರಿಲ್ ಕೊನೆಗೆ ತಲೆ ಸಿಡಿಯುವಷ್ಟು ಸೆಖೆ ಇದ್ದಾಗ ಏನೂ ಆಗುವುದಿಲ್ಲ. ಬಿಸಿಲಿಗೂ ಬೆಂಕಿಗೂ ಸಂಬಂಧವೇ ಇಲ್ವಾ? — ಓದುಗರೊಬ್ಬರು, ಚಿತ್ರದುರ್ಗ

ಸಂಬಂಧ ಇದೆ, ಆದರೆ ನೇರ ಸಂಬಂಧ ಅಲ್ಲ. ನಡುವೆ ತೇವಾಂಶ ಅನ್ನುವ ಮಧ್ಯಸ್ಥ ಕೂತಿದ್ದಾನೆ. ಗಾಳಿ ಹಿಡಿಯಬಲ್ಲಷ್ಟು ನೀರಾವಿಯಲ್ಲಿ ಈಗ ನೂರಕ್ಕೆ ಎಷ್ಟು ಪಾಲು ಇದೆ ಅನ್ನುವುದೇ ಈ ತೇವಾಂಶದ ಲೆಕ್ಕ.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ತಗೊಳ್ಳಿ. ಬಿಸಿಲು 33 ಡಿಗ್ರಿ. ಗಾಳಿ ಒಳನಾಡಿನಿಂದ ಬರುತ್ತಿದೆ, ಅದರಲ್ಲಿ ನೀರಾವಿ ತೀರಾ ಕಮ್ಮಿ. ಇಂಥ ದಿನ ತೇವಾಂಶ ಶೇ 20ಕ್ಕೆ ಸಲೀಸಾಗಿ ಇಳಿಯುತ್ತದೆ. ಈಗ ಏಪ್ರಿಲ್ ಕೊನೆಯ ಮಧ್ಯಾಹ್ನ ನೋಡಿ. ಬಿಸಿಲು 38 ಡಿಗ್ರಿ. ಆದರೆ ಅಷ್ಟು ಹೊತ್ತಿಗೆ ಕಡಲ ಕಡೆಯ ನೀರಾವಿ ನಮ್ಮ ತನಕ ಬಂದಿರುತ್ತದೆ. ಒಂದೆರಡು ಅಡ್ಡ ಮಳೆಯೂ ಬಿದ್ದಿರುತ್ತದೆ. ಬಿಸಿಲು ಐದು ಡಿಗ್ರಿ ಜಾಸ್ತಿ ಇದ್ದರೂ ತೇವಾಂಶ ಶೇ 35–40 ಇರುತ್ತದೆ. ನಮಗೆ ಎರಡನೆಯ ದಿನವೇ ಕೆಟ್ಟದ್ದು ಅನ್ನಿಸುತ್ತದೆ, ಯಾಕೆಂದರೆ ಬೆವರು ಒಣಗುವುದಿಲ್ಲ. ಹುಲ್ಲಿಗೆ ಮೊದಲನೆಯ ದಿನವೇ ಕೆಟ್ಟದ್ದು. ಬೆವರು ಒರೆಸಿಕೊಳ್ಳುವ ದಿನಕ್ಕಿಂತ ತುಟಿ ಒಡೆಯುವ ದಿನ ಗುಡ್ಡಕ್ಕೆ ಅಪಾಯ ಅಂತ ಇಟ್ಟುಕೊಳ್ಳಿ.

ಒಂದೇ ದಿನದಲ್ಲೂ ಇದು ಏರಿಳಿಯುತ್ತದೆ. ಬೆಳಿಗ್ಗೆ 22 ಡಿಗ್ರಿ, ತೇವಾಂಶ ಶೇ 70 ಇದೆ ಅನ್ನಿ. ಅದೇ ಗಾಳಿ, ಒಂದು ಹನಿ ನೀರು ಸೇರದೆ, ಕಳೆಯದೆ, ಮಧ್ಯಾಹ್ನ 38 ಡಿಗ್ರಿಗೆ ಕಾದರೆ ತೇವಾಂಶ ಶೇ 28ಕ್ಕೆ ಬರುತ್ತದೆ. ಕಾದ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ. ಅದು ಸುತ್ತಲಿನ ಒಣ ಹುಲ್ಲಿನಲ್ಲಿ ಉಳಿದ ನೀರನ್ನೂ ಹೀರುತ್ತದೆ.

ದಾವಣಗೆರೆಯವರಿಗೆ ಇದನ್ನು ಮಂಡಕ್ಕಿಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಜುಲೈಯಲ್ಲಿ ಮಂಡಕ್ಕಿ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಮಾರ್ಚಿಯಲ್ಲಿ ಸಂಜೆತನಕ ಇಟ್ಟರೂ ಗರಿಗರಿ. ಗುಡ್ಡದ ಮೇಲಿನ ಸತ್ತ ಹುಲ್ಲು ಮಾಡುವುದೂ ಅದನ್ನೇ. ಅದಕ್ಕೆ ಬೇರಿನ ಹಂಗಿಲ್ಲ, ಗಾಳಿ ಕೊಟ್ಟಷ್ಟೇ ನೀರು. ತೇವಾಂಶ ಶೇ 80 ಇದ್ದರೆ ಹುಲ್ಲಿನೊಳಗೆ ಅದರ ತೂಕದ ಶೇ 15ರಷ್ಟು ನೀರು ಇರುತ್ತದೆ. ಅಷ್ಟಿದ್ದರೆ ಕಡ್ಡಿ ಗೀರಿದರೂ ಹೊಗೆಯಾಡಿ ಸುಮ್ಮನಾಗುವುದೇ ಹೆಚ್ಚು. ತೇವಾಂಶ ಶೇ 20ಕ್ಕೆ ಇಳಿದರೆ ಹುಲ್ಲಿನ ನೀರು ಶೇ 5ರ ಆಸುಪಾಸಿಗೆ ಬರುತ್ತದೆ. ಆಗ ಬೀಡಿ ತುಂಡು ಸಾಕು. ಇಷ್ಟು ಬದಲಾಗಲು ತೆಳ್ಳಗಿನ ಹುಲ್ಲಿಗೆ ಗಂಟೆ ಎರಡು ಗಂಟೆ ಸಾಕು. ತೋಳುಗಾತ್ರದ ಕೊಂಬೆಗೆ ದಿನಗಳು ಬೇಕು, ಬಿದ್ದ ದಿಮ್ಮಿಗೆ ವಾರಗಟ್ಟಲೆ. ‘ನಿನ್ನೆ ತಾನೆ ಹನಿ ಬಿದ್ದಿತ್ತಲ್ಲ, ಗುಡ್ಡ ಹೆಂಗೆ ಹತ್ತಿತು’ ಅಂತ ಜನ ಬಾಯಿ ಮೇಲೆ ಬೆರಳಿಡುತ್ತಾರೆ. ನಿನ್ನೆಯ ಹನಿ ಹುಲ್ಲಿನಿಂದ ಇವತ್ತು ಹನ್ನೊಂದು ಗಂಟೆಗೇ ಹೋಗಿರುತ್ತದೆ.

ಇನ್ನು ಗಾಳಿಯ ವೇಗ. ಹೊರದೇಶಗಳ ಅಗ್ನಿಶಾಮಕರು ಬಾಯಿಲೆಕ್ಕಕ್ಕೆ ಇಟ್ಟುಕೊಂಡ ಒಂದು ಸೂತ್ರ ಇದೆ: ಮೂವತ್ತು, ಮೂವತ್ತು, ಮೂವತ್ತು. ಬಿಸಿಲು 30 ಡಿಗ್ರಿಗಿಂತ ಮೇಲೆ, ತೇವಾಂಶ ಶೇ 30ಕ್ಕಿಂತ ಕೆಳಗೆ, ಗಾಳಿ ಗಂಟೆಗೆ 30 ಕಿಲೋಮೀಟರಿಗಿಂತ ಜೋರು. ಮೂರೂ ಕೂಡಿದ ದಿನ ಎಚ್ಚರ ಅಂತ. ನಮ್ಮ ದುರ್ಗ, ಚಳ್ಳಕೆರೆ, ಜಗಳೂರಿಗೆ ಈ ಸೂತ್ರ ಹಚ್ಚಿ ನೋಡಿದರೆ ತಮಾಷೆಯಾಗಿದೆ. ಮಾರ್ಚಿಯ ಮಧ್ಯಾಹ್ನಗಳಲ್ಲಿ ಮೊದಲೆರಡು ಪರೀಕ್ಷೆ ನಾವು ಹೆಚ್ಚುಕಮ್ಮಿ ದಿನಾ ಪಾಸು. ಹಾಗಾಗಿ ನಮ್ಮಲ್ಲಿ ತೀರ್ಪು ಕೊಡುವುದು ಗಾಳಿ. ಟಿವಿಯಲ್ಲಿ ‘ಇಂದು ಗರಿಷ್ಠ ತಾಪಮಾನ’ ನೋಡುವವರು ಪಕ್ಕದ ಎರಡು ಸಾಲು ಬಿಡುತ್ತಾರೆ. ಬೆಂಕಿಯ ವಿಷಯ ಇರುವುದು ಆ ಎರಡು ಸಾಲಿನಲ್ಲಿ.

ಜೋಗಿಮಟ್ಟಿಯಂಥ ಕಡೆ ಇಳಿಜಾರೂ ಸೇರುತ್ತದೆ. ಇಳಿಜಾರು 10 ಡಿಗ್ರಿ ಏರಿದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಅಂದಾಜು ಲೆಕ್ಕ. ಉರಿ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ವಾಕಿಂಗ್ ಹೋದಾಗ ಕೆಳಗೆ ಹೊಗೆ ಕಂಡರೆ ಮೊಬೈಲ್ ಹಿಡಿದು ಮೇಲೆ ನಿಂತು ವಿಡಿಯೊ ಮಾಡಬೇಡಿ. ಬೆಂಕಿಯ ಪಕ್ಕಕ್ಕೆ ಸರಿದು, ಈಗಾಗಲೇ ಸುಟ್ಟ ಜಾಗದ ಕಡೆಗೋ ಬರೀ ಬಂಡೆಯ ಕಡೆಗೋ ಇಳಿಯಿರಿ.

ಪ್ರ: ಗಾಳಿಯೇ ತೀರ್ಪು ಕೊಡುವುದಾದರೆ ಆಷಾಢದಲ್ಲಿ ಗುಡ್ಡ ಉರಿಯಬೇಕಿತ್ತಲ್ಲ? ದುರ್ಗದಲ್ಲಿ ಅದಕ್ಕಿಂತ ಜೋರು ಗಾಳಿ ಯಾವಾಗ ಇದೆ? — ಹೊಳಲ್ಕೆರೆ

ನಮ್ಮೂರ ಕಡೆಯವರು, ತರಲೆ ಪ್ರಶ್ನೆಯನ್ನೇ ಕೇಳಿದ್ದೀರಿ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ ನಮ್ಮ ಗಾಳಿಯಂತ್ರಗಳನ್ನು ಬಿಡುವಿಲ್ಲದೆ ತಿರುಗಿಸುತ್ತದೆ, ನಿಜ. ಆದರೆ ಆ ಗಾಳಿ ಅರಬ್ಬಿ ಸಮುದ್ರದ್ದು. ಮಳೆಯನ್ನು ಘಟ್ಟದಲ್ಲೇ ಸುರಿದು ಬಂದರೂ ತೇವ ಉಳಿಸಿಕೊಂಡಿರುತ್ತದೆ. ಹುಲ್ಲೂ ಹಸಿರು. ಹೊತ್ತಿಕೊಳ್ಳುವ ವಸ್ತುವೇ ಇಲ್ಲದಿದ್ದರೆ ಗಾಳಿ ಯಾವುದನ್ನು ಓಡಿಸಬೇಕು?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಒಳ್ಳೆ ಮಳೆಯಾದ ವರ್ಷದ ಮುಂದಿನ ಬೇಸಿಗೆಯೇ ನಮಗೆ ಜಾಸ್ತಿ ಭಯದ್ದು. 2022ರಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಹಿರಿಯೂರಿಗೆ ಜಾತ್ರೆಯ ಹಾಗೆ ಜನ ಬಂದರು. ಸಂತೋಷವೇ. ಅಂಥ ಮಳೆಗೆ ಗುಡ್ಡದ ಬಾದೆ ಹುಲ್ಲು ಸೊಂಟದುದ್ದ ಬರುತ್ತದೆ, ಡಿಸೆಂಬರಿಗೆ ಒಣಗಿ ಅಲ್ಲೇ ನಿಲ್ಲುತ್ತದೆ. ಬರಗಾಲದ ವರ್ಷ ಬಿಸಿಲು ಎಷ್ಟೇ ಇರಲಿ, ದನ ಮೇಯ್ದು ನೆಲ ಬೋಳಾಗಿರುತ್ತದೆ. ಬೆಂಕಿಗೆ ಕಾಲಿಡಲು ಜಾಗ ಇರುವುದಿಲ್ಲ.

ಪ್ರ: ನನ್ನ ಮಗಳು ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ ಇದ್ದಾಳೆ. ಆಗಾಗ ‘ಅಮ್ಮಾ, ಇವತ್ತು ರೆಡ್ ಫ್ಲ್ಯಾಗ್ ವಾರ್ನಿಂಗ್’ ಅನ್ನುತ್ತಾಳೆ. ‘ನಮ್ಮನೆ ಕಡಲ ಹತ್ತಿರ, ಭಯ ಇಲ್ಲ’ ಅಂತಲೂ ಹೇಳುತ್ತಾಳೆ. ಏನಿದು? ನಾನು ಭಯಪಡಬೇಕಾ? — ಗೃಹಿಣಿ, ದಾವಣಗೆರೆ

ಇದು ಈ ಸಲದ ಒಳ್ಳೆಯ ಪ್ರಶ್ನೆ, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲು ಹೆಸರು. ಅಲ್ಲಿಯ ರಾಷ್ಟ್ರೀಯ ಹವಾಮಾನ ಸೇವೆ ಬೆಂಕಿಗೆ ಅಂತಲೇ ಎರಡು ಬಗೆಯ ಸೂಚನೆ ಕೊಡುತ್ತದೆ. ಮುಂದಿನ ಎರಡು ಮೂರು ದಿನಗಳಲ್ಲಿ ಅಪಾಯದ ಹವೆ ಬರಬಹುದು ಅನ್ನಿಸಿದರೆ ‘ಫೈರ್ ವೆದರ್ ವಾಚ್’. ಬಂದೇಬಿಟ್ಟಿದೆ, ಅಥವಾ ಒಂದು ದಿನದೊಳಗೆ ಬರುತ್ತದೆ ಅಂದರೆ ‘ರೆಡ್ ಫ್ಲ್ಯಾಗ್’. ಬೆಂಕಿ ಬಿದ್ದಿದೆ ಅಂತ ಅದರ ಅರ್ಥ ಅಲ್ಲ. ಕಿಡಿ ಬಿದ್ದರೆ ಕೈಗೆ ಸಿಗದ ದಿನ ಇದು ಅಂತ. ಲಾಸ್ ಏಂಜಲೀಸ್ ಕಡೆ ತೇವಾಂಶ ಶೇ 15ರ ಆಸುಪಾಸಿಗೆ ಇಳಿದು, ಗಾಳಿ ಗಂಟೆಗೆ 40 ಕಿಲೋಮೀಟರಿನಷ್ಟು ಬೀಸುತ್ತಾ, ಅದು ಹಲವು ಗಂಟೆ ಹಾಗೇ ಇರುತ್ತದೆ ಅನ್ನಿಸಿದರೆ ಬಾವುಟ ಏರಿಸುತ್ತಾರೆ. ಗಮನಿಸಿದಿರಾ? ಬಿಸಿಲು ಎಷ್ಟು ಅಂತ ಅವರು ಕೇಳುವುದೇ ಇಲ್ಲ. ಅಲ್ಲಿಯ ದೊಡ್ಡ ಬೆಂಕಿಗಳಲ್ಲಿ ಕೆಲವು ಚಳಿಗಾಲದಲ್ಲೇ ಬಿದ್ದಿವೆ.

ಆ ಊರಿನ ಕಡಲಂಚು ಸಾಮಾನ್ಯ ದಿನಗಳಲ್ಲಿ ತಂಪು. ಶಾಂತಸಾಗರದ ನೀರು ತಣ್ಣಗಿರುತ್ತದೆ, ಅದರ ಮೇಲಿನ ಮಂಜು ದಡಕ್ಕೆ ಬರುತ್ತದೆ, ತೇವಾಂಶ ಚೆನ್ನಾಗಿರುತ್ತದೆ. ಒಳಗಡೆ ಕಣಿವೆಗಳಲ್ಲಿ ಒಣ ಹವೆ. ನಿಮ್ಮ ಮಗಳು ಹೇಳುವುದು ಆ ಸಾಮಾನ್ಯ ದಿನಗಳಿಗೆ ಸರಿ. ಆದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆಗಾಗ ‘ಸಾಂಟಾ ಆನಾ’ ಅನ್ನುವ ಗಾಳಿ ಏಳುತ್ತದೆ. ನೆವಾಡಾ, ಯೂಟಾ ಕಡೆಯ ಎತ್ತರದ ಒಣ ಬಯಲಿನಲ್ಲಿ ತಣ್ಣಗಿನ ಭಾರದ ಗಾಳಿ ಗುಡ್ಡೆ ಬಿದ್ದು, ಅಲ್ಲಿಂದ ಬೆಟ್ಟದ ಸಂದುಗಳಲ್ಲಿ ನುಗ್ಗಿ ಕಡಲ ಕಡೆ ಇಳಿಯುತ್ತದೆ. ಮೇಲಿನಿಂದ ಇಳಿಯುವ ಗಾಳಿ ಕೆಳಗಿನ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಹಿಸುಕಿ ಬಿಸಿಯಾಗುತ್ತದೆ, ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ. ಬಿಸಿಯಾದಂತೆ ತೇವಾಂಶ ಬೀಳುತ್ತದೆ. ಆ ದಿನ ಕಡಲಂಚು, ಒಳನಾಡು ಅನ್ನುವ ಭೇದ ಇರುವುದಿಲ್ಲ.

2025ರ ಜನವರಿ 7ರಂದು ಆದದ್ದು ಇದೇ. ಅದಕ್ಕೆ ಹಿಂದಿನ ಎರಡು ಚಳಿಗಾಲ ಒಳ್ಳೆ ಮಳೆ ಬಂದು ಪೊದೆ, ಹುಲ್ಲು ದಟ್ಟವಾಗಿತ್ತು. ಆಮೇಲೆ ಮೇ ತಿಂಗಳಿಂದ ಜನವರಿತನಕ ನಗರದ ಮಧ್ಯಭಾಗದಲ್ಲಿ ಬಿದ್ದ ಮಳೆ ನಾಲ್ಕು ಮಿಲಿಮೀಟರ್ ಅಷ್ಟೇ. ಮಾರಿಕಣಿವೆಯ ಲೆಕ್ಕ ಅಲ್ಲೂ ಬಂತು ನೋಡಿ. ಅದರ ಮೇಲೆ ಗಂಟೆಗೆ 130 ಕಿಲೋಮೀಟರ್ ದಾಟಿದ ಬಿರುಸು. ಮೊದಲ ರಾತ್ರಿ ನೀರು ಸುರಿಯುವ ವಿಮಾನ, ಹೆಲಿಕಾಪ್ಟರ್‌ಗಳೂ ಹಾರಲಾಗಲಿಲ್ಲ. ಪ್ಯಾಲಿಸೇಡ್ಸ್ ಬೆಂಕಿ 23,000 ಎಕರೆ, ಈಟನ್ ಬೆಂಕಿ 14,000 ಎಕರೆ ದಾಟಿತು. ಎರಡೂ ಸೇರಿ 16,000ಕ್ಕೂ ಹೆಚ್ಚು ಕಟ್ಟಡ ಹೋದವು. ಪ್ಯಾಲಿಸೇಡ್ಸ್ ಇರುವುದು ಎಲ್ಲಿ ಗೊತ್ತಾ? ಕಡಲಿಗೆ ಅಂಟಿಕೊಂಡೇ. ದಡದ ಮನೆಗಳೂ ಉರಿದವು.

ಹಾಗಾಗಿ ಭಯ ಬೇಡ, ಆದರೆ ‘ಕಡಲ ಹತ್ತಿರ’ ಅನ್ನುವ ಧೈರ್ಯವೂ ಬೇಡ ಅಂತ ಮಗಳಿಗೆ ಹೇಳಿ. ಬಾವುಟ ಏರಿದ ದಿನ ಪಾಸ್‌ಪೋರ್ಟ್, ಔಷಧಿ, ಚಾರ್ಜರ್ ಒಂದು ಚೀಲದಲ್ಲಿ ಇರಲಿ. ಕಾರಿನ ಟ್ಯಾಂಕು ತುಂಬಿರಲಿ. ಹೊರಡಿ ಅಂದಾಗ ಹೊರಡಲಿ. ಎಲ್ಲರೂ ಒಟ್ಟಿಗೆ ಹೊರಟು ರಸ್ತೆ ಕಟ್ಟಿಕೊಂಡಾಗ ಜನ ಕಾರು ಬಿಟ್ಟು ನಡೆದ ಊರು ಅದು.

ಪ್ರ: ನಾನು ಹರಿಹರದವನು, ತಂಗಿಯನ್ನು ಕುಂದಾಪುರಕ್ಕೆ ಕೊಟ್ಟಿದ್ದೇವೆ. ಅಲ್ಲಿ ಕಾಲಿಟ್ಟರೆ ಅಂಗಿ ಒದ್ದೆ. ಅಂಥ ಊರಿಗೆ ಬಿಸಿಗಾಳಿ ಎಚ್ಚರಿಕೆ ಕೊಡುತ್ತಾರೆ. ಘಟ್ಟದಲ್ಲಿ ಬೆಂಕಿ ಅಂತಲೂ ಸುದ್ದಿ ಬರುತ್ತದೆ. ನಮಗೆ 39 ಆದರೂ ಯಾರೂ ಎಚ್ಚರಿಸಲ್ಲ! — ಹರಿಹರ

ನಿಮ್ಮ ಸಿಟ್ಟು ಅರ್ಥವಾಯಿತು. ಹವಾಮಾನ ಇಲಾಖೆಯ ಅಳತೆ ಜಾಗಕ್ಕೆ ತಕ್ಕಂತೆ ಬೇರೆ. ಬಯಲಿನಲ್ಲಿ 40 ಡಿಗ್ರಿ ಮುಟ್ಟಬೇಕು, ಕರಾವಳಿಗೆ 37 ಸಾಕು. ಎರಡು ಕಡೆಯೂ ಆ ಕಾಲಕ್ಕೆ ಸಹಜವಾದುದಕ್ಕಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಅಂದರೆ ದೇಹಕ್ಕೆ ರೂಢಿಯಿಲ್ಲದ ಬಿಸಿ ಎಷ್ಟು ಅನ್ನುವುದು ಲೆಕ್ಕ. ಕಡಲಗಾಳಿಯ ತೇವ ಇದ್ದಾಗ ಕುಂದಾಪುರದ 37 ಡಿಗ್ರಿಯಲ್ಲಿ ಬೆವರು ಒಣಗದೆ ಜೀವ ಹೋಗುತ್ತದೆ. ಇದನ್ನು ಬೆಂಕಿಯ ಎಚ್ಚರಿಕೆ ಅಂತ ಓದಬೇಡಿ. ಇದು ಮನುಷ್ಯರಿಗೆ ಕೊಟ್ಟದ್ದು.

ಆದರೆ ಕರಾವಳಿ ತೀರಾ ಬಿಸಿಯಾಗುವ ದಿನಗಳ ಹಿಂದೆ ನಮ್ಮ ಕೈವಾಡವೂ ಇದೆ! ಫೆಬ್ರವರಿ, ಮಾರ್ಚಿಯಲ್ಲಿ ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಬಿಸಿಯನ್ನು ತಡೆಯುತ್ತದೆ. ಕೆಲವು ದಿನ ಮೂಡಗಾಳಿ ಜೋರಾಗಿ, ಕಡಲಗಾಳಿಯನ್ನು ಒಳಗೆ ಬಿಡುವುದಿಲ್ಲ. ಆ ಮೂಡಗಾಳಿ ಹೊರಡುವುದು ನಮ್ಮಂಥ ಊರುಗಳಿಂದ. ನಾವು ಸಮುದ್ರಕ್ಕಿಂತ 600–700 ಮೀಟರ್ ಮೇಲಿದ್ದೇವೆ. ಇಲ್ಲಿಯ ಒಣಗಾಳಿ ಘಟ್ಟ ದಾಟಿ ಮಂಗಳೂರಿನ ಮಟ್ಟಕ್ಕೆ ಇಳಿದರೆ ಲೆಕ್ಕಕ್ಕೆ ಆರೇಳು ಡಿಗ್ರಿ ಬಿಸಿ ಸೇರುತ್ತದೆ. ಸಾಂಟಾ ಆನಾದ ಬಡ ತಮ್ಮ ಅನ್ನಬಹುದು. ವೇಗ ಅಷ್ಟಿಲ್ಲ, ಗುಣ ಅದೇ. ಸಾಧಾರಣ ದಿನ ಕಡಲೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ 60. ಮೂಡಗಾಳಿಯ ದಿನ 38 ಡಿಗ್ರಿ, ತೇವಾಂಶ ಶೇ 25ಕ್ಕೂ ಇಳಿಯಬಹುದು. ಅವತ್ತು ತಂಗಿಗೆ ಫೋನ್ ಮಾಡಿ ಕೇಳಿ, ಬಟ್ಟೆ ಬೇಗ ಒಣಗಿತು ಅನ್ನುತ್ತಾಳೆ.

ಅಂಥ ಹವೆಯಲ್ಲಿ ಘಟ್ಟದ ದಟ್ಟ ಹಸಿರು ಕಾಡು ಸುಲಭಕ್ಕೆ ಹೊತ್ತುವುದಿಲ್ಲ. ಅದರ ನೆರಳಿನಲ್ಲಿ ತರಗೆಲೆ ತಂಪಾಗಿರುತ್ತದೆ. ಉರಿಯುವುದು ಶಿಖರದ ಹುಲ್ಲುಗಾವಲು, ಕೆಳಗೆ ಮುರಕಲ್ಲಿನ ಪದವಿನ (ಎತ್ತರದ ಬಯಲಿನ) ಹುಲ್ಲು, ಗೇರು ತೋಪು, ಅಕೇಶಿಯಾ ನೆಡುತೋಪು. 2023ರ ಮಾರ್ಚ್ ಮೊದಲ ವಾರ ಹೀಗೇ ಆಯಿತು. ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಬೆಂಕಿ ಹಬ್ಬಿ, ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಹೊತ್ತು ಸುರಿದವು.

ಪ್ರ: ಗುಡ್ಡ ಸುಟ್ಟರೆ ಮಳೆಗೆ ಒಳ್ಳೆ ಹುಲ್ಲು ಬರುತ್ತೆ ಅಂತ ನಮ್ಮಜ್ಜ ಹೇಳುತ್ತಾರೆ. ಕುರಿ ಸಾಕುವ ಮನೆತನ ನಮ್ಮದು. ಕಾಲೇಜಿನಲ್ಲಿ ಬೇರೆ ಹೇಳುತ್ತಾರೆ. ಯಾರನ್ನು ನಂಬಲಿ? — ವಿದ್ಯಾರ್ಥಿ, ಜಗಳೂರು

ಅಜ್ಜನ ಮಾತಿನಲ್ಲಿ ಅರ್ಧ ನಿಜ ಇದೆ. ಅದನ್ನು ಅಲ್ಲಗಳೆದು ಶುರುಮಾಡಿದರೆ ಅವರು ನಿಮ್ಮ ಕಾಲೇಜಿನ ಮಾತು ಕೇಳುವುದಿಲ್ಲ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಬೇಗ ಚಿಗುರುತ್ತದೆ. ಬೂದಿಯ ಸಾರ, ಬೇರಿನಲ್ಲಿ ಕೂಡಿಟ್ಟ ಶಕ್ತಿ, ನೆಲಕ್ಕೆ ನೇರ ಬೀಳುವ ಬೆಳಕು, ಮೂರೂ ಸೇರಿ ಹಾಗಾಗುತ್ತದೆ. ಕುರಿಗೆ ಅದು ರುಚಿ.

ಮಿಕ್ಕ ಅರ್ಧ ಕೇಳಿ. ವರ್ಷಾ ವರ್ಷಾ ಸುಟ್ಟರೆ ಬೆಂಕಿ ತಾಳುವ ಒರಟು ಹುಲ್ಲು, ಲಾಂಟಾನಾ, ಬಂದರಿಕೆ ಉಳಿಯುತ್ತವೆ. ಕುರಿ ಮೇಯುವ ಮೆತ್ತನೆ ಹುಲ್ಲಿನ ಬೀಜ ನೆಲದ ಮೇಲೇ ಸಾಯುತ್ತದೆ. ಬೋಳು ಗುಡ್ಡದ ಮೇಲೆ ಮೊದಲ ಅಡ್ಡ ಮಳೆ ಬಿದ್ದಾಗ ಬೂದಿ, ಮಣ್ಣು ಎರಡೂ ಹಳ್ಳಕ್ಕೆ ಹೋಗುತ್ತವೆ. ಅಜ್ಜನ ಕಾಲದಲ್ಲಿ ಎಲ್ಲಿ, ಯಾವಾಗ ಸುಡಬೇಕು ಅನ್ನುವ ಅಂದಾಜಾದರೂ ಇತ್ತು. ಡಿಸೆಂಬರಿನ ಬೆಳಿಗ್ಗೆ, ಹುಲ್ಲಿನ ಬುಡ ಇನ್ನೂ ಹಸಿ ಇದ್ದಾಗ ಹಚ್ಚಿದ ಬೆಂಕಿ ತೆವಳುತ್ತದೆ. ಅರಣ್ಯದವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಕೆತ್ತಿ ಸುಡುವುದು ಇದೇ ಲೆಕ್ಕದಲ್ಲಿ. ಮಾರ್ಚಿಯ ಮಧ್ಯಾಹ್ನ ಹಚ್ಚಿದ ಬೆಂಕಿ ಬೇರೆಯೇ ಪ್ರಾಣಿ.

ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಇದೆ, ಕೊಂಡಕುರಿಗಾಗಿ ಮಾಡಿದ ಅಭಯಾರಣ್ಯ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿ ಹುಲ್ಲಿನ ಮರೆಯನ್ನೇ ನಂಬಿಕೊಂಡು ಬದುಕುತ್ತದೆ. ಅಲ್ಲಿ ಬೆಂಕಿ ಹಚ್ಚುವುದು ಅಪರಾಧ, ಜೈಲಿಗೆ ಹೋಗಬೇಕಾಗುತ್ತದೆ ಅನ್ನುವುದನ್ನೂ ಅಜ್ಜನಿಗೆ ಮೆಲ್ಲಗೆ ಹೇಳಿ.

ಪ್ರ: ಬಿದಿರು ಬಿದಿರಿಗೆ ಉಜ್ಜಿ ಕಾಡಿಗೆ ಬೆಂಕಿ ಬೀಳುತ್ತದೆ ಅಂತ ಓದಿದ್ದೇನೆ. ನಿಜವಾ? — 8ನೇ ತರಗತಿ, ಚಳ್ಳಕೆರೆ

ಎಲ್ಲ ಶಾಲೆಯಲ್ಲೂ ಈ ಪಾಠ ಇದೆ ಪುಟ್ಟಾ. ಉಜ್ಜಿ ಬೆಂಕಿ ಮಾಡಬೇಕಾದರೆ ಪೂರ್ತಿ ಒಣಗಿದ ಎರಡು ಕಟ್ಟಿಗೆ ಒಂದೇ ಜಾಗದಲ್ಲಿ, ಬಿಗಿಯಾಗಿ, ಬಿಡದೆ ತಿಕ್ಕಬೇಕು. ಗಾಳಿಗೆ ತೂಗುವ ಬಿದಿರು ಹಾಗೆ ಮಾಡುವುದಿಲ್ಲ, ಅತ್ತಿತ್ತ ಸರಿದು ತಣ್ಣಗಾಗುತ್ತಿರುತ್ತದೆ. ನಮ್ಮ ಕಾಡಿನ ಬೆಂಕಿಗಳು ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರ ಕೈಯಿಂದಲೇ ಬಿದ್ದವು. ಬಿದಿರಿನ ಮೇಲೆ ಹಾಕುವುದು ಸುಲಭ, ಬಿದಿರು ಬಾಯಿ ಬಿಡುವುದಿಲ್ಲವಲ್ಲ.

ಪ್ರ: ಗಾಳಿಯಂತ್ರಗಳು ಮೋಡ ಓಡಿಸಿ, ಗುಡ್ಡ ಒಣಗಿಸಿ ಬೆಂಕಿ ತರುತ್ತವೆ ಅಂತ ನಮ್ಮೂರಲ್ಲಿ ಮಾತು. — ಹಿರಿಯೂರು

ಇಲ್ಲ. ಮಳೆಮೋಡ ಯಂತ್ರದ ರೆಕ್ಕೆಗಿಂತ ಎಷ್ಟೋ ಎತ್ತರದಲ್ಲಿ ಹೋಗುತ್ತದೆ. ಯಂತ್ರ ಗಾಳಿಯಿಂದ ಶಕ್ತಿ ಕಿತ್ತುಕೊಳ್ಳುತ್ತದೆ, ಗಾಳಿಯನ್ನು ಹುಟ್ಟಿಸುವುದಿಲ್ಲ. ಈ ಮಾತನ್ನು ಇನ್ನು ಬಿಡೋಣ.

ಪ್ರ: ಭದ್ರಾ ನಾಲೆ ಕೆಳಗೆ ಭತ್ತ ಬೆಳೆಯುತ್ತೇವೆ. ಮಷಿನ್‌ನಲ್ಲಿ ಕೊಯ್ಸಿದ ಮೇಲೆ ಕೂಳೆ ಸುಡದೆ ದಾರಿ ಇಲ್ಲ. ಎಷ್ಟು ಹೊತ್ತಿಗೆ ಸುಟ್ಟರೆ ಸುರಕ್ಷಿತ? ಪಕ್ಕದವರ ಅಡಿಕೆ ತೋಟಕ್ಕೆ ತಗುಲೀತು ಅಂತ ಭಯ. — ಮಲೇಬೆನ್ನೂರು

ಸುಡಬೇಡಿ ಅನ್ನುವುದು ನನ್ನ ಉತ್ತರ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ನಷ್ಟ ಅಂತ ಕೃಷಿ ವಿಜ್ಞಾನಿಗಳ ಲೆಕ್ಕ. ಅದನ್ನೇ ಆಮೇಲೆ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೀರಿ. ಹುಲ್ಲು ಸುತ್ತಿ ಕಟ್ಟುವ ಬೇಲರ್ ಯಂತ್ರ ಈಗ ನಿಮ್ಮ ಕಡೆ ಬಾಡಿಗೆಗೆ ಓಡಾಡುತ್ತಿದೆ. ಜಗಳೂರು, ಚಳ್ಳಕೆರೆಯ ದನಗಳಿಗೆ ಬೇಸಿಗೆಯಲ್ಲಿ ಆ ಹುಲ್ಲು ಬೇಕು. ನಿಮಗೆ ಕಸ, ಅವರಿಗೆ ಮೇವು.

ಹೊತ್ತಿನ ಬಗ್ಗೆ ಕೇಳಿದ್ದರಿಂದ ಅಷ್ಟು ಹೇಳುತ್ತೇನೆ. ತೋಟದವರು ಬದುವಿನ ಕಸ ಗುಡ್ಡೆ ಹಾಕಿ ಸುಡುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಹನ್ನೊಂದರಿಂದ ಐದರವರೆಗೆ ಕಡ್ಡಿ ಮುಟ್ಟಲೇಬೇಡಿ. ಆ ಹೊತ್ತಿನಲ್ಲಿ ನೆಲ ಕಾದು ಗಾಳಿ ಮೇಲಕ್ಕೆ ಕಿತ್ತುಕೊಂಡು ಹೋಗುತ್ತಿರುತ್ತದೆ. ಗದ್ದೆಯಲ್ಲಿ ಸುಂಟರಗಾಳಿ ಏಳುವುದು ಆಗಲೇ. ಅದು ಉರಿಯುವ ಹುಲ್ಲನ್ನು ಎತ್ತಿ ಎರಡು ಬದು ಆಚೆ ಹಾಕುತ್ತದೆ. ಸಂಜೆ ಹಚ್ಚಿದರೆ ಓಡುವುದು ಕಮ್ಮಿ, ಆದರೆ ರಾತ್ರಿ ನೆಲದ ಹತ್ತಿರ ತಣ್ಣಗಿನ ಗಾಳಿ ಕೂತು ಹೊಗೆ ಊರೊಳಗೇ ನಿಲ್ಲುತ್ತದೆ. ಕೆಮ್ಮುವವರು ನಿಮ್ಮನೆಯವರೇ. ಅದಕ್ಕೇ ಮೊದಲ ಉತ್ತರಕ್ಕೆ ವಾಪಸು ಬನ್ನಿ.

ಪ್ರ: ನಮ್ಮ ರಾಗಿ ಹುಲ್ಲಿನ ಬಣವೆ ರಾತ್ರಿ ತಾನಾಗೇ ಹೊತ್ತಿತು. ಯಾರೋ ಮಾಟ ಮಾಡಿಸಿದ್ದಾರೆ ಅಂತ ಮನೆಯಲ್ಲಿ ಗಲಾಟೆ. — ಭರಮಸಾಗರ

ಮಾಟದ ವಿಷಯಕ್ಕೆ ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ. ಆದರೆ ಬಣವೆ ತಾನಾಗೇ ಹೊತ್ತಬಲ್ಲದು, ಅದು ಭೌತಶಾಸ್ತ್ರ ಮತ್ತು ಜೀವಶಾಸ್ತ್ರ ಸೇರಿ ಮಾಡುವ ಕೆಲಸ. ಒದ್ದೆ ಇರುವಾಗಲೇ, ಅಂದರೆ ಹುಲ್ಲಿನಲ್ಲಿ ಶೇ 20ಕ್ಕಿಂತ ಜಾಸ್ತಿ ನೀರಿದ್ದಾಗ ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಬಿಸಿ ಹುಟ್ಟಿಸುತ್ತವೆ. ಆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. 70–80 ಡಿಗ್ರಿ ದಾಟಿದ ಮೇಲೆ ಜೀವಿಗಳು ಸಾಯುತ್ತವೆ, ಆದರೆ ಹುಲ್ಲೇ ಗಾಳಿಯ ಆಮ್ಲಜನಕದ ಜೊತೆ ಸೇರಿ ಮುಂದಿನ ಕೆಲಸ ನಡೆಸುತ್ತದೆ. ಒಟ್ಟಿದ ಕೆಲವು ವಾರದೊಳಗೆ ಇದು ಆಗುವಂಥದ್ದು. ಕಬ್ಬಿಣದ ಸಲಾಕೆ ಒಳಗೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಬಣವೆಗೆ ಕೈಹಾಕಿ ಕೆದಕಬೇಡಿ, ಗಾಳಿ ಒಳಹೊಕ್ಕು ಭಗ್ ಅಂತ ಹತ್ತುತ್ತದೆ. ಮೊದಲು 101ಕ್ಕೋ 112ಕ್ಕೋ ಫೋನ್ ಮಾಡಿ.

ಇನ್ನೊಂದು ಮಾತು. ನಮ್ಮಲ್ಲಿ ರಾಗಿ ಹುಲ್ಲು ಚೆನ್ನಾಗಿ ಒಣಗಿಸಿಯೇ ಒಟ್ಟುತ್ತಾರೆ. ಒಟ್ಟಿ ತಿಂಗಳುಗಟ್ಟಲೆ ಆಗಿದ್ದರೆ ಕಾರಣ ಬೇರೆ ಇರಬಹುದು. ಬಣವೆಯ ಮೇಲೆ ಜೋತುಬಿದ್ದ ಕರೆಂಟು ತಂತಿ ಇದೆಯಾ? ಜೋರು ಗಾಳಿಗೆ ಎರಡು ತಂತಿ ತಗುಲಿದರೆ ಕರಗಿದ ಕಿಡಿ ಉದುರುತ್ತದೆ. ನಾನಾದರೆ ಮಂತ್ರವಾದಿಯ ಮನೆಗಿಂತ ಮೊದಲು ತಲೆ ಎತ್ತಿ ತಂತಿ ನೋಡುತ್ತೇನೆ.

ಪ್ರ: ಇಂಥ ಅಪಾಯದ ದಿನ ಅಂತ ನಮ್ಮಂಥವರಿಗೆ ತಿಳಿಯುವುದು ಹೇಗೆ? ನಮ್ಮಲ್ಲಿ ಕೆಂಪು ಬಾವುಟ ಯಾರೂ ಏರಿಸುವುದಿಲ್ಲವಲ್ಲ. — ನಿವೃತ್ತ ಶಿಕ್ಷಕರು, ಚನ್ನಗಿರಿ

ಊರ ಬಾಗಿಲಿಗೆ ಬಾವುಟ ಬರುವುದಿಲ್ಲ, ಆದರೆ ಮಾಹಿತಿ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳು ಹೋಬಳಿ ಮಟ್ಟದಲ್ಲಿವೆ. ನಿಮ್ಮ ಹೋಬಳಿಯ ತೇವಾಂಶ, ಗಾಳಿ ಎರಡೂ ಅಲ್ಲಿ ದಾಖಲಾಗುತ್ತವೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹದಿಂದ ಬೆಂಕಿ ಗುರುತಿಸಿ ಎಚ್ಚರಿಕೆ ಕಳಿಸುತ್ತದೆ, ಯಾರು ಬೇಕಾದರೂ ಜಿಲ್ಲೆ ಆರಿಸಿ ನೋಂದಾಯಿಸಿಕೊಳ್ಳಬಹುದು. ಒಂದೇ ತೊಡಕು. ಆ ಉಪಗ್ರಹಗಳಲ್ಲಿ ಮುಖ್ಯವಾದವು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಹೊತ್ತಿಗೆ. ಮೂರು ಗಂಟೆಗೆ ಬಿದ್ದ ಬೆಂಕಿ ಅವಕ್ಕೆ ಕಾಣುವ ಹೊತ್ತಿಗೆ ಗುಡ್ಡದ ಆಚೆ ಮಗ್ಗುಲಲ್ಲಿರುತ್ತದೆ. ಊರಿನವರ ಕಣ್ಣೇ ಬೇಗ.

ಮೇಷ್ಟ್ರಾಗಿದ್ದವರು, ನೀವೇ ಅಳೆಯಬಹುದು. ಎರಡು ಸಾದಾ ಥರ್ಮಾಮೀಟರ್ ತನ್ನಿ. ಒಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ ನೀರಲ್ಲಿ ಅದ್ದಿ. ನೆರಳಿನಲ್ಲಿ ಎರಡನ್ನೂ ನೇತುಹಾಕಿ ಬೀಸಣಿಗೆಯಿಂದ ಗಾಳಿ ಹಾಕಿ. ಒಣಗಿದ್ದು 35, ಒದ್ದೆಯದು 27 ತೋರಿಸಿದರೆ ತೇವಾಂಶ ಶೇ 55ರ ಸುಮಾರು, ನಿಶ್ಚಿಂತೆ. ಒಣಗಿದ್ದು 35, ಒದ್ದೆಯದು 20ಕ್ಕೆ ಇಳಿದರೆ ಶೇ 25ರ ಸುಮಾರು. ಮರದ ಸಣ್ಣ ಕೊಂಬೆಗಳೂ ಬಿಡದೆ ಅಲ್ಲಾಡುತ್ತಿದ್ದರೆ ಅವತ್ತು ತೋಟದಲ್ಲಿ ಜೇನು ಬಿಡಿಸುವವರನ್ನು, ಬದು ಸುಡುವವರನ್ನು ವಾಪಸು ಕಳಿಸಿ. ಶಾಲೆ ಮಕ್ಕಳಿಗೂ ಈ ಪ್ರಯೋಗ ಚೆಂದ. ಒದ್ದೆ ಬಟ್ಟೆ ಸುತ್ತಿದ್ದು ಯಾಕೆ ಕಮ್ಮಿ ತೋರಿಸುತ್ತದೆ ಅಂತ ಕೇಳಿ, ಅರ್ಧ ಕ್ಲಾಸು ತಪ್ಪು ಹೇಳುತ್ತದೆ.

ಪ್ರ: ರಸ್ತೆ ಮೇಲೆ ಹುರುಳಿ ಒಕ್ಕಣೆ ಹಾಕಿದ್ದರ ಮೇಲೆ ಕಾರು ಓಡಿಸಬಹುದಾ? ಬೇರೆ ದಾರಿಯೇ ಇರುವುದಿಲ್ಲ. — ಕಾರು ಚಾಲಕರು, ಜಗಳೂರು ರಸ್ತೆ

ಓಡಿಸಬೇಡಿ. ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕಾರಿನ ಅಡಿಯ ಹೊಗೆ ಕೊಳವೆ ಒಣ ಹುಲ್ಲು ಹೊತ್ತಿಸುವಷ್ಟು ಕಾದಿರುತ್ತದೆ. ರಾಜ್ಯದಲ್ಲಿ ಹೀಗೆ ಕಾರುಗಳು ಸುಟ್ಟಿವೆ. ನಿಲ್ಲಿಸಿ, ಕೋಲಿನಿಂದ ಪಕ್ಕಕ್ಕೆ ಸರಿಸಿಕೊಡಿ ಅಂತ ಕೇಳಿ. ಬೈಗುಳ ತಿಂದರೂ ಪರವಾಗಿಲ್ಲ. ತಪ್ಪಿಸಲಾಗದೆ ಹಾದುಬಂದಿದ್ದರೆ ಹುಲ್ಲಿಲ್ಲದ ಜಾಗದಲ್ಲಿ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ, ಕೆಳಗೆ ಬಗ್ಗಿ ನೋಡಿ. ಹೊಗೆ ಬರುತ್ತಿದ್ದರೆ ಕೈಹಾಕಿ ಎಳೆಯಬೇಡಿ, ದೂರ ಸರಿದು 112ಕ್ಕೆ ಫೋನ್ ಮಾಡಿ.